ಸೆಂಟ್ರಲಿನಿಂದ ಸಾಂತೋಮಿನವರೆಗೆ

ನಮ್ಮ ಸಂಘದ ಸಂಪಾದಕರು ಹಿಂದಿನ ಸಂಚಿಕೆಯನ್ನು ಕೈಗಿಡುವಾಗಲೇ ನನ್ನನ್ನು ಮೂಲೆಗೆ ಕರೆದು, "ಮುಂದಿನ ಸಲಕ್ಕೆ ನಿಮ್ಮದೊಂದು ಪ್ರವಾಸ ಲೇಖನ ಇರಲಿ" ಎಂದು ಅಪ್ಪಣೆ ಮಾಡಿದರು. ಪ್ರವಾಸ ಲೇಖನವೆಂಬುದು ಕಾಶಿಗೋ ಬದರಿಗೋ ಹೋಗಿ ಬಂದವರು ಬರೆಯತಕ್ಕದ್ದು. ನಾನೋ ಸರಕಾರಿ ಕಚೇರಿಯ ಗುಮಾಸ್ತ. ಇತರರ ರಜೆ ಅರ್ಜಿಗಳನ್ನು ದಾಖಲು ಮಾಡುವುದು, ಅವರು ಕಾಶ್ಮೀರಕ್ಕೆ ಹೋಗಿ ಬಂದ ಪ್ರಯಾಣ ಭತ್ಯದ ಬಿಲ್ಲಿನಲ್ಲಿ ತಪ್ಪು ಹುಡುಕುವುದು, ಇದೇ ನಾನು ಕಂಡ ಭಾರತ ದರ್ಶನ. ಆದುದರಿಂದ ಓದುಗರು ದೊಡ್ಡದೇನನ್ನೂ ನಿರೀಕ್ಷಿಸಬಾರದು. ಈ ಪ್ರವಾಸದ ಒಟ್ಟು ದೂರ ಎಂಟು ಕಿಲೋಮೀಟರಿನೊಳಗೆ. ಹೊರಟದ್ದು ಚೆನ್ನೈ ಸೆಂಟ್ರಲ್ ಸ್ಟೇಷನ್ನಿನಿಂದ, ತಲಪಿದ್ದು ಸಾಂತೋಮಿನ ಹತ್ತಿರ ಸಮುದ್ರದ ಎದುರಿಗಿರುವ ಆಕಾಶವಾಣಿಯ ಗೇಟಿನವರೆಗೆ. ಗೇಟಿನೊಳಕ್ಕೆ ಅಲ್ಲ.

ಸಂಗತಿ ಹೀಗೆ. ನನ್ನ ತಂದೆ 1981ರಲ್ಲಿ ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ ಮದರಾಸಿಗೆ ಬಂದವರು. ಆಗಿನ್ನೂ ಈ ಊರಿಗೆ ಚೆನ್ನೈ ಎಂದು ಹೆಸರಾಗಿರಲಿಲ್ಲ; ಅದು 1996ರ ಮಾತು. ತಿರುವಲ್ಲಿಕೇಣಿಯ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ, ಇಡ್ಲಿ ತಟ್ಟೆ ಹೊತ್ತು, ಕೊನೆಗೆ ಗಲ್ಲಾದ ಮೇಲೆ ಕುಳಿತರು. ಆ ಹೋಟೆಲು ಮುಚ್ಚಿ ವರ್ಷಗಳಾದವು. ಊರಿನಲ್ಲಿ ಅಜ್ಜನ ಮನೆಯ ಪಾಲು ಬಂದು, ಮಾಡು ರಿಪೇರಿಯಾಗಿ, ಅಪ್ಪಯ್ಯನೂ ಅಮ್ಮನೂ 2024ರ ಡಿಸೆಂಬರಿನಲ್ಲಿ ಶಾಶ್ವತವಾಗಿ ಊರಿಗೆ ಹೋಗುವುದೆಂದು ನಿಶ್ಚಯವಾಯಿತು. ಗುರುವಾರದ ಮಂಗಳೂರು ಮೈಲಿಗೆ ಎರಡು ಟಿಕೆಟು ತೆಗೆಸಿದ್ದೆ. ಅದರ ಹಿಂದಿನ ಶನಿವಾರ ಪಾತ್ರೆ ಪಗಡದ ಎರಡು ಪೆಟ್ಟಿಗೆಗಳನ್ನು ಪಾರ್ಸೆಲಿಗೆ ಹಾಕಲು ನಾನೂ ಅಪ್ಪಯ್ಯನೂ ಸೆಂಟ್ರಲಿಗೆ ಹೋದೆವು. ರಜೆಯಾದುದರಿಂದ ನನ್ನ ಎಂಟು ವರ್ಷದ ಮಗನೂ ಬೆನ್ನು ಹತ್ತಿದ.

ಪಾರ್ಸೆಲಿನ ರಸೀದಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟು ಹೊರಗೆ ಬಂದಾಗ ಅಪ್ಪಯ್ಯ ನಿಂತುಬಿಟ್ಟರು.

"ಒಂದು ಜಾಗ ನೋಡುವುದು ಬಾಕಿ ಉಂಟು ಮಾರಾಯ."

ನಲವತ್ತಮೂರು ವರ್ಷ ಇದ್ದ ಊರಿನಲ್ಲಿ ಬಾಕಿ ಉಳಿದದ್ದು ಯಾವುದಪ್ಪ ಎಂದುಕೊಂಡೆ. "ಯಾವುದು? ಮೈಲಾಪುರದ ದೇವಸ್ಥಾನವಾ?" ಎಂದು ಅವರ ಎಡಗಿವಿಯ ಹತ್ತಿರ ಕೂಗಿದೆ. ಬಲಗಿವಿ ಪೂರಾ ಹೋಗಿದೆ, ಎಡದ್ದು ಅರ್ಧ.

"ಅದಲ್ಲ. ತೆನ್‌ಕಚ್ಚಿಯವರ ರೇಡಿಯೋ ಆಫೀಸು."

ಮದರಾಸಿನ ನಮ್ಮವರಲ್ಲಿ ನಲವತ್ತು ದಾಟಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮುಂಬಯಿ, ದಿಲ್ಲಿಗಳ ಓದುಗರಿಗಾಗಿ ಹೇಳುತ್ತೇನೆ. ತೆನ್‌ಕಚ್ಚಿ ಕೋ. ಸ್ವಾಮಿನಾಥನ್ ಅವರು ಕೃಷಿ ಓದಿದವರು. ತಿರುನೆಲ್ವೇಲಿಯ ಆಕಾಶವಾಣಿಯಲ್ಲಿ ರೈತರ ಕಾರ್ಯಕ್ರಮ ನಡೆಸುತ್ತಿದ್ದು, ಅಲ್ಲಿಂದ ಮದರಾಸು ನಿಲಯಕ್ಕೆ ಬಂದರು. 1980ರ ದಶಕದ ಕೊನೆಯಿಂದ 2002ರಲ್ಲಿ ನಿವೃತ್ತರಾಗುವವರೆಗೆ ಪ್ರತಿದಿನ ಬೆಳಿಗ್ಗೆ 'ಇನ್ರು ಒರು ತಗವಲ್' ಎಂದು ಕೆಲವೇ ನಿಮಿಷ ಮಾತಾಡುತ್ತಿದ್ದರು. ಕನ್ನಡದಲ್ಲಿ 'ಇವತ್ತೊಂದು ಮಾಹಿತಿ' ಎನ್ನಬಹುದು. ಹೆಸರು ಕೇಳಿದರೆ ನಮ್ಮ ಕಚೇರಿಯ ಸುತ್ತೋಲೆಯ ಹಾಗಿದೆಯಷ್ಟೆ? ಮಾತಿನ ಆರಂಭವೂ ಹಾಗೆಯೇ. ಆರೋಗ್ಯವೋ, ಸಿಟ್ಟೋ, ದುಡ್ಡಿನ ಉಳಿತಾಯವೋ, ಯಾವುದೋ ಒಂದು ಒಳ್ಳೆಯ ವಿಷಯ. ಅದನ್ನು ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವವರಂತೆ, ಏರಿಳಿತವಿಲ್ಲದ ಹಳ್ಳಿಯ ತಮಿಳಿನಲ್ಲಿ, ಎಲ್ಲಿಗೂ ಹೋಗುವ ಅವಸರವಿಲ್ಲದವರಂತೆ ಹೇಳುತ್ತಾ ಬರುವರು. ಕೊನೆಯಲ್ಲಿ ಒಂದು ಪುಟ್ಟ ಕತೆ. ಆ ಕತೆಯ ಕೊನೆಯ ವಾಕ್ಯದಲ್ಲಿ ಅಷ್ಟು ಹೊತ್ತೂ ಹೇಳಿದ ಉಪದೇಶವೆಲ್ಲ ಮಗುಚಿ ಬೀಳುವುದು. ಅವರು ನಗುವುದಿಲ್ಲ. ಅದೇ ದನಿಯಲ್ಲಿ ಮುಗಿಸಿ ಎದ್ದು ಹೋದರೆಂದೇ ಕೇಳುವವನಿಗೆ ತೋರುವುದು. ನಗು ಏಳುತ್ತಿದ್ದುದು ಇತ್ತ ಕಡೆಯಲ್ಲಿ.

ನಾನು ಹುಟ್ಟಿದ್ದು 1989ರಲ್ಲಿ. ಶಾಲೆಯ ಚೀಲ ಹೆಗಲಿಗೇರಿಸಿ ಹೋಟೆಲಿನ ಬಾಗಿಲಲ್ಲಿ ನಿಂತು ಆ ಕೆಲವು ನಿಮಿಷ ಕೇಳದೆ ನಾನು ಶಾಲೆಗೆ ಹೋದವನಲ್ಲ. ಗಲ್ಲಾದ ಮೇಲೆ ಫಿಲಿಪ್ಸ್ ರೇಡಿಯೋ; ಅದರ ಮೇಲೊಂದು ಊದಿನಕಡ್ಡಿಯ ಸ್ಟ್ಯಾಂಡು. ಸುದ್ದಿ ಬರುವಾಗ ಯಾರೂ ಲಕ್ಷ್ಯ ಕೊಡುವುದಿಲ್ಲ. 'ಸಾಂಬಾರ್ ಊತ್ತು', 'ಇನ್ನೊಂದು ವಡೆ' ಎಂಬ ಗದ್ದಲವೇ ಗದ್ದಲ. ತೆನ್‌ಕಚ್ಚಿಯವರ ದನಿ ಬಂದೊಡನೆ ಗಲಾಟೆ ತಗ್ಗುವುದು. ಕೊನೆಯ ಕತೆಗೆ ಬರುವಾಗ ಇಡ್ಲಿಯ ತುಂಡು ಹಿಡಿದ ಕೈಗಳು ತಟ್ಟೆಗೂ ಬಾಯಿಗೂ ನಡುವೆ ನಿಲ್ಲುವುವು. ಆ ಮೇಲೆ ಇಡೀ ಹೋಟೆಲು ಒಮ್ಮೆಲೇ ನಗುವುದು. ಲಾಯರರೂ, ರಿಕ್ಷಾದವನೂ, ಒಳಗೆ ಹಿಟ್ಟು ರುಬ್ಬುವ ಹುಡುಗನೂ. ಅಂಥ ನಗುವನ್ನು ಆಮೇಲೆ ನಾನು ಸಿನಿಮಾ ಮಂದಿರದಲ್ಲಿಯೂ ಕೇಳಿಲ್ಲ. ಈಗಿನ ಎಫ್.ಎಂ. ಹುಡುಗರು ಒಂದು ಉಸಿರಿಗೆ ಹತ್ತು ನಗೆಹನಿ ಹೇಳಿ ತಾವೇ ಮೊದಲು ನಕ್ಕುಬಿಡುತ್ತಾರೆ. ಅವರಲ್ಲಿ ಚುರುಕಿಲ್ಲವೆಂದು ಹೇಳಲಾರೆ. ಆದರೆ ನಗುವ ಕೆಲಸವನ್ನೂ ಅವರೇ ಮಾಡಿ ಮುಗಿಸಿದ ಮೇಲೆ ನಮಗೇನು ಉಳಿಯಿತು?

ಅಪ್ಪಯ್ಯ ತಮಿಳು ಕಲಿತದ್ದು ಇಲ್ಲಿಯೇ. ಮದರಾಸಿಗೆ ಬಂದು ಏಳೆಂಟು ವರ್ಷವಾದರೂ ಅವರ ತಮಿಳು ತಿಂಡಿಯ ಹೆಸರು ಮತ್ತು ಲೆಕ್ಕಗಳನ್ನು ದಾಟಿರಲಿಲ್ಲ. ಗಿರಾಕಿಗಳೆಲ್ಲ ನಕ್ಕಾಗ ಗಲ್ಲಾದಲ್ಲಿ ಕೂತವನೊಬ್ಬ ಮಾತ್ರ ಸುಮ್ಮನಿದ್ದರೆ ಹೇಗಾಗಬೇಕು! ಮೊದಮೊದಲು ಸುಮ್ಮನೆ ಜೊತೆಗೆ ನಗುತ್ತಿದ್ದರಂತೆ. "ಕಳ್ಳನಗು ಮಾರಾಯ, ಹೊಟ್ಟೆಯೊಳಗೆ ಉರಿ" ಎಂದು ಮುಂದೆ ಒಮ್ಮೆ ಹೇಳಿದ್ದರು. ದಿನಾ ಬರುತ್ತಿದ್ದ ಒಬ್ಬ ಮುದಿ ಮೇಷ್ಟರನ್ನು ಹಿಡಿದು, ಕಾಫಿಗೆ ಕಾಸು ತೆಗೆದುಕೊಳ್ಳದೆ, ಆ ದಿನದ ಕತೆಯನ್ನು ಬಿಡಿಸಿ ಕೇಳುವರು. ಮಧ್ಯಾಹ್ನ ಮನೆಗೆ ಬಂದು ಅದನ್ನೇ ಅಮ್ಮನಿಗೆ ಕನ್ನಡದಲ್ಲಿ ಹೇಳುವರು. ದಾರಿಯಲ್ಲಿ ಎರಡು ಭಾಷೆ ದಾಟಿ ಬಂದ ನಗೆಹನಿಗೆ ಪ್ರಾಣವಿರುತ್ತಿರಲಿಲ್ಲ. ಅಮ್ಮ ಹೆಣ ನೋಡಿದವರಂತೆ ಮುಖ ಮಾಡಿ, "ಅದಕ್ಕೆ ಎಂತ?" ಎನ್ನುವರು. ಕೆಲವು ಸಲ ಅಯ್ಯೋ ಪಾಪವೆನಿಸಿ ನಕ್ಕುಬಿಡುವರು. ಅದೂ ಕತೆ ಮುಗಿಯುವ ಮೊದಲೇ.

ಆದರೆ ಅಮ್ಮನಿಂದ ಅಪ್ಪಯ್ಯನಿಗೆ ಒಂದು ಲಾಭವಾಯಿತು. ಮದುವೆಯಾಗಿ ಬಂದ ಮೊದಲ ದಿನ ನಸುಕಿನಲ್ಲಿ ಬಾಗಿಲು ಬಡಿದು ಯಾರೋ "ಪಾಲ್! ಪಾಲ್!" ಎಂದು ಕೂಗಿದರಂತೆ. ಅಮ್ಮ ಗಾಬರಿಯಿಂದ ಗಂಡನನ್ನು ಎಬ್ಬಿಸಿ, "ಪಾಲು ಕೇಳಲಿಕ್ಕೆ ಇಲ್ಲಿವರೆಗೂ ಬಂದಿದ್ದಾರೆ, ಏಳಿ!" ಎಂದರಂತೆ. ಊರಿನಲ್ಲಿ ಆಗ ಆಸ್ತಿಯ ವ್ಯಾಜ್ಯ ನಡೆಯುತ್ತಿತ್ತು. ಬಂದವನು ಹಾಲಿನವನು. ನಮ್ಮ ಹಳಗನ್ನಡದಲ್ಲಿಯೂ ಹಾಲು 'ಪಾಲ್' ಆಗಿಯೇ ಇತ್ತೆಂದು ಬಿ.ಎ. ತರಗತಿಯಲ್ಲಿ ಓದಿದಾಗ ನನಗೆ ಪಂಪನ ಬದಲು ಆ ಹಾಲಿನವನೇ ಕಣ್ಣ ಮುಂದೆ ಬಂದ. ಅಪ್ಪಯ್ಯ ಈ ಸಂಗತಿಯನ್ನು ತೆನ್‌ಕಚ್ಚಿಯವರ ಧಾಟಿಯಲ್ಲಿಯೇ, ಮುಖ ಗಂಟಿಕ್ಕಿಕೊಂಡು, ತಮಿಳಿನಲ್ಲಿ ಗಿರಾಕಿಗಳಿಗೆ ಹೇಳಲು ಕಲಿತರು. ಅಂದು ಹೋಟೆಲು ನಕ್ಕಿತಂತೆ. ಅಂದಿನಿಂದ ತಾನು ಮದರಾಸಿನವನಾದೆನೆಂದು ಅವರ ಲೆಕ್ಕ. ರೇಷನ್ ಕಾರ್ಡು ಬಂದದ್ದು ಅದಕ್ಕೂ ಮೊದಲು. ಅದನ್ನು ಅವರು ಎಣಿಸುವುದಿಲ್ಲ.

ಪ್ರವಾಸದ ಮಾತು ಬಿಟ್ಟು ಎಲ್ಲಿಗೋ ಹೋದೆ. ಸೆಂಟ್ರಲಿನ ಪಕ್ಕದಲ್ಲಿಯೇ ಬೆಳ್ಳಗೆ ನಿಂತಿರುವುದು ರಿಪನ್ ಕಟ್ಟಡ, 1913ರದು, ನಗರಸಭೆಯ ಕಚೇರಿ. ಆಕಾಶವಾಣಿಗೆ ಹೋಗುವ ದಾರಿ ಇಲ್ಲಿಂದಲೇ ಆರಂಭವಾಗುತ್ತದೆಂದು ಅಪ್ಪಯ್ಯನಿಗೆ ತಿಳಿದಿರಲಿಲ್ಲ. ನಾನು ಓದಿ ತಿಳಿದಿದ್ದೆ, ಆದುದರಿಂದ ಸ್ವಲ್ಪ ಜಂಬದಿಂದ ಕೂಗಿ ಕೂಗಿ ಹೇಳಿದೆ. ಮದರಾಸಿನಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರು ಮುಂದಾಗಿ 1924ರಲ್ಲಿ ಒಂದು ರೇಡಿಯೋ ಕ್ಲಬ್ಬು ಕಟ್ಟಿ, ಆ ವರ್ಷದ ಜುಲೈ 31ರಿಂದ ಪ್ರಸಾರ ಆರಂಭಿಸಿದರು. ಮೂರು ವರ್ಷದಲ್ಲಿ ದುಡ್ಡು ಮುಗಿಯಿತು. ಯಂತ್ರವನ್ನು ನಗರಸಭೆಗೆ ಕೊಟ್ಟರು. ಚರಂಡಿ, ಬೀದಿದೀಪಗಳ ಜೊತೆಗೆ ನಗರಸಭೆ 1930ರ ಏಪ್ರಿಲ್ 1ರಿಂದ ಸಂಗೀತವನ್ನೂ ಹಂಚಲು ತೊಡಗಿತು! ಮನೆಯಲ್ಲಿ ರೇಡಿಯೋ ಇದ್ದವರೆಷ್ಟು ಮಂದಿ? ಅದಕ್ಕಾಗಿ ಮರೀನಾ, ಹೈಕೋರ್ಟು ಕಡಲತೀರ, ರಾಬಿನ್ಸನ್ ಪಾರ್ಕು, ಪೀಪಲ್ಸ್ ಪಾರ್ಕುಗಳಲ್ಲಿ ಧ್ವನಿವರ್ಧಕ ನಿಲ್ಲಿಸಿದರು. ಜನ ಹುಲ್ಲಿನ ಮೇಲೆ, ಮರಳಿನ ಮೇಲೆ ಕುಳಿತು ಕೇಳುತ್ತಿದ್ದರು. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋದ ಮದರಾಸು ನಿಲಯ ಬಂದ ಮೇಲೆ ನಗರಸಭೆಯ ಈ ಉದ್ಯೋಗ ನಿಂತಿತು. ಪೀಪಲ್ಸ್ ಪಾರ್ಕು ಇದ್ದುದು ಇದೇ ರಿಪನ್ ಕಟ್ಟಡದ ಹಿಂಭಾಗದ ವಿಸ್ತಾರದಲ್ಲಿ. ಈಗ ಅಲ್ಲಿ ನೆಹರೂ ಕ್ರೀಡಾಂಗಣವೂ, ಇನ್ನೂ ಏನೇನೋ ಕಟ್ಟಡಗಳೂ. ಹತ್ತಿರದಲ್ಲಿದ್ದ ಮೂರ್ ಮಾರ್ಕೆಟ್ಟು 1985ರಲ್ಲಿ ಸುಟ್ಟುಹೋದದ್ದನ್ನು ಅಪ್ಪಯ್ಯ ಕಣ್ಣಾರೆ ಕಂಡವರು.

"ಬಯಲಿನಲ್ಲಿ ಎಲ್ಲರೂ ಒಟ್ಟಿಗೆ ಕೇಳುವುದಾ? ನಮ್ಮ ಹೋಟೆಲಿನ ಹಾಗೆ" ಎಂದರು ಅಪ್ಪಯ್ಯ. ನಾನು ಕೊಟ್ಟ ಇಸವಿಗಳಲ್ಲಿ ಒಂದೂ ಅವರ ಕಿವಿಗೆ ಬಿದ್ದಂತೆ ತೋರಲಿಲ್ಲ.

ಆಕಾಶವಾಣಿ ಎಂಬ ಹೆಸರು ಮಾತ್ರ ನಮ್ಮದೆಂಬ ಅಭಿಮಾನ ಇಲ್ಲಿ ಹೇಳದಿದ್ದರೆ ಸಂಪಾದಕರು ಒಪ್ಪಲಿಕ್ಕಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರ ಆರಂಭಿಸಿದರು. ಅದಕ್ಕೆ ಆ ಹೆಸರಿತ್ತು. ಹೆಸರನ್ನು ಸೂಚಿಸಿದವರು ಹಾಸ್ಯ ಸಾಹಿತಿ ನಾ. ಕಸ್ತೂರಿಯವರೆಂದು ಹೇಳುವವರುಂಟು. ಹಾಗಿದ್ದರೆ ಒಬ್ಬ ನಗಿಸುವವನ ಬಾಯಿಂದ ಬಂದ ಮಾತು ದೇಶಕ್ಕೆಲ್ಲ ಸಂದಿತು. ತಮಿಳರು ತಮ್ಮ ಮಾತಿನಲ್ಲಿ 'ವಾನೊಲಿ' ಎನ್ನುತ್ತಾರೆ. ಅದೂ ಚೆನ್ನಾದ ಮಾತೇ. ಈ ಎರಡು ಹೆಸರುಗಳ ಜಗಳಕ್ಕೆ ನಾನು ಕೈ ಹಾಕುವುದಿಲ್ಲ. ಎರಡೂ ಕಡೆಯ ಉಪ್ಪು ತಿಂದವನು.

ಬಸ್ಸು ಹತ್ತಿ ಮರೀನಾದ ಉದ್ದಕ್ಕೂ ಹೋದೆವು. ಇದರ ವರ್ಣನೆಯನ್ನು ಓದುಗರು ಬೇರೆಡೆ ಬೇಕಾದಷ್ಟು ಓದಿರುತ್ತೀರಿ. ಸಮಾಧಿಗಳು, ವಿಶ್ವವಿದ್ಯಾಲಯ, ಪ್ರೆಸಿಡೆನ್ಸಿ ಕಾಲೇಜು. ದುಂಡನೆಯ ವಿವೇಕಾನಂದ ಭವನ ಹಿಂದೆ ಐಸ್ ಹೌಸ್ ಆಗಿತ್ತು. ಅಮೆರಿಕದಿಂದ ಹಡಗಿನಲ್ಲಿ ತಂದ ಹಿಮದ ಗಡ್ಡೆಗಳನ್ನು ಅದರಲ್ಲಿ ಇಡುತ್ತಿದ್ದರು ಎಂದಾಗ ನನ್ನ ಮಗ ಮೊದಲ ಬಾರಿಗೆ ಕಿಟಕಿಯಿಂದ ಹೊರಗೆ ನೋಡಿದ. ರಾಣಿ ಮೇರಿ ಕಾಲೇಜು ದಾಟಿತು. ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ ಬಂತು. ಇಳಿದೆವು.

ಆಕಾಶವಾಣಿಯ ಕಟ್ಟಡ ನೋಡಲು ಅಂಥದ್ದೇನಿಲ್ಲ. ಎಗ್ಮೋರಿನಿಂದ ನಿಲಯವು 1954ರಲ್ಲಿ ಇಲ್ಲಿಗೆ ಬಂದದ್ದು. ದೇಶದ ಮೊದಲ ಎಫ್.ಎಂ. ಪ್ರಸಾರ 1977ರಲ್ಲಿ ಮದರಾಸಿನಿಂದಲೇ ಆಯಿತು. ಎದುರಿಗೆ ಸಮುದ್ರ. ಉಪ್ಪುಗಾಳಿ ತಿಂದ ಗೋಡೆ. ನಮ್ಮ ಕಚೇರಿಗೆ ಹಾಕುವಂಥದೇ ಗೇಟು, ಅಂಥದೇ ಕಾವಲುಗಾರ. ಒಳಗೆ ಹೋಗಿ ನೋಡಬೇಕಾದರೆ ಮೊದಲೇ ಬರೆದು ಅನುಮತಿ ಪಡೆಯಬೇಕೆಂದು ಆತ ಬಹಳ ಮರ್ಯಾದೆಯಿಂದ ಹೇಳಿದ. ದಿನವಿಡೀ ಇದೇ ಮಾತನ್ನು ಊರಿನವರಿಗೆಲ್ಲ ಹೇಳುವ ಗುಮಾಸ್ತನಿಗೆ ಇದು ಹೊಳೆಯಬೇಡವೇ? ತಪ್ಪು ನನ್ನದು. "ಅರ್ಜಿ ಹಾಕುತ್ತೇನೆ, ಗುರುವಾರದೊಳಗೆ ಆದೀತು" ಎಂದೆ. ಆಗುವುದಿಲ್ಲವೆಂದು ನನಗೂ ಗೊತ್ತು.

"ಬೇಡ ಬಿಡು" ಎಂದರು ಅಪ್ಪಯ್ಯ. "ಅವರೇ ಇಲ್ಲ. ಗೋಡೆ ನೋಡಿ ಎಂತ ಮಾಡುವುದು?" ತೆನ್‌ಕಚ್ಚಿಯವರು ತೀರಿಕೊಂಡದ್ದು 2009ರ ಸೆಪ್ಟೆಂಬರಿನಲ್ಲಿ. ಅಂದು ಅಪ್ಪಯ್ಯ ಹೋಟೆಲಿನಲ್ಲಿ ರೇಡಿಯೋ ಹಾಕಲಿಲ್ಲವೆಂಬುದು ನನಗೆ ನೆನಪಿದೆ.

ಹಾಗೆಂದವರು ಹೊರಡಲಿಲ್ಲ. ರಸ್ತೆಯ ಈಚೆ ಬದಿಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಹತ್ತು ನಿಮಿಷ ಆ ಕಟ್ಟಡವನ್ನೇ ನೋಡುತ್ತಾ ನಿಂತರು.

ಆಮೇಲೆ ಮರಳಿಗೆ ಇಳಿದೆವು. ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಸಿಕ್ಕಿದ ಮೂರು ಹಳೆಯ ಬಿಲ್ ಪುಸ್ತಕಗಳ ಮಾತು ತೆಗೆದೆ. ಅವುಗಳ ಬೆನ್ನಿನಲ್ಲಿ ಅಪ್ಪಯ್ಯ ದಿನದಿನದ ಕತೆಗಳನ್ನು ಬರೆದಿಟ್ಟಿದ್ದರು. ತಮಿಳು ಮಾತು, ಕನ್ನಡ ಅಕ್ಷರ. ತಮಿಳು ಬರೆಯಲು ಅವರಿಗೆ ಇಂದಿಗೂ ಬಾರದು. ಅದೂ ಪೂರ್ತಿ ಕತೆಯಲ್ಲ, ಎರಡೋ ಮೂರೋ ಪದ ಮಾತ್ರ. ಮಾವ, ಕುದುರೆ, ಸಾಲ. ಇಷ್ಟೇ. ಲೋಕದಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು ಅಪ್ಪಯ್ಯ ಒಬ್ಬರೇ. ಈಗ ಎಷ್ಟು ನೆನಪಿದೆ ಎಂದು ಕೇಳಿದೆ. "ಅರ್ಧಕ್ಕರ್ಧ" ಎಂದರು.

ನನ್ನ ಫೋನಿನಲ್ಲಿ ತೆನ್‌ಕಚ್ಚಿಯವರ ಹಳೆಯ ಧ್ವನಿಮುದ್ರಣವೊಂದಿತ್ತು. ಯಾರೋ ಪುಣ್ಯಾತ್ಮರು ಉಳಿಸಿ ಹಂಚಿದ್ದು. ದನಿಯನ್ನು ಪೂರ್ತಿ ಏರಿಸಿ ಅಪ್ಪಯ್ಯನ ಎಡಗಿವಿಗೆ ಹಿಡಿದೆ. ಅವರು ಕಣ್ಣು ಮುಚ್ಚಿದರು. ಅರ್ಧ ಕೇಳುತ್ತಿತ್ತೋ, ಕಾಲು ಭಾಗವೋ. ಕತೆ ಆರಂಭವಾದೊಡನೆಯೇ ಅವರ ಹೊಟ್ಟೆ ಕುಣಿಯತೊಡಗಿತು. ಕೊನೆಯ ವಾಕ್ಯ ಅವರಿಗೆ ಮೊದಲೇ ಗೊತ್ತು. ನನ್ನ ಮಗನೂ ಕಿವಿ ಹತ್ತಿರ ತಂದು ಕೇಳಿದ. ಅವನ ತಮಿಳು ನಮ್ಮೆಲ್ಲರಿಗಿಂತ ಶುದ್ಧ. ಮುಗಿದ ಮೇಲೆ ಅಜ್ಜಯ್ಯನ ಮುಖ ನೋಡಿ, "ಅಷ್ಟೇನಾ?" ಎಂದ. ನನಗೆ ಕೆನ್ನೆಗೆರಡು ಬಿಗಿಯುವ ಮನಸ್ಸಾಯಿತು.

ಅಷ್ಟರಲ್ಲಿ ಪಕ್ಕದಲ್ಲಿ ತಗಡಿನ ಡಬ್ಬಿ ಇಟ್ಟುಕೊಂಡು ಕುಳಿತಿದ್ದ ಸುಂಡಲಿನವನು, ಅಪ್ಪಯ್ಯನಷ್ಟೇ ವಯಸ್ಸಾದವನು, ಎದ್ದು ಬಂದ. "ಸ್ವಾಮಿನಾಥನ್ ಅಯ್ಯಾ ದನಿಯಲ್ಲವೇ ಇದು?" ಎಂದು ತಮಿಳಿನಲ್ಲಿ ಕೇಳಿದ. ಅಪ್ಪಯ್ಯನಿಗೆ ಕೇಳಿಸಲಿಲ್ಲ, ಆದರೆ ಮುಖ ನೋಡಿಯೇ ತಿಳಿಯಿತು. ಅವನನ್ನು ಮರಳಿನ ಮೇಲೆ ಕೂರಿಸಿಕೊಂಡು, ಬಿಲ್ ಪುಸ್ತಕದ ಲೆಕ್ಕದ ಒಂದು ಕತೆ ತೆಗೆದರು. ಅದೇ ನಿಧಾನ, ಅದೇ ಗಂಟುಮೋರೆ. ಸುಂಡಲಿನವನು ನಕ್ಕು ಇನ್ನೊಂದು ಹೇಳಿದ. ಅಪ್ಪಯ್ಯ ಅವನ ತುಟಿಯನ್ನೇ ನೋಡುತ್ತಿದ್ದರು. ಇನ್ನೊಂದು, ಮತ್ತೊಂದು. ಕೊಳ್ಳಲು ಬಂದವರು ಕಾದು ಕಾದು ಹೋದರು. ಕತ್ತಲಾಗಿ ದೀಪಸ್ತಂಭದ ಬೆಳಕು ತಿರುಗತೊಡಗಿದ ಮೇಲೆ ನಾನೇ ಎಬ್ಬಿಸಿದೆ. ಸುಂಡಲಿಗೆ ಕಾಸು ತೆಗೆದುಕೊಳ್ಳಲು ಅವನು ಒಪ್ಪಲೇ ಇಲ್ಲ.

ಬಸ್ಸಿನಲ್ಲಿ ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದರು. ಮೌಂಟ್ ರೋಡಿನ ಹತ್ತಿರ ಬರುವಾಗ, "ಊರಿನಲ್ಲಿ ಇದನ್ನೆಲ್ಲ ಯಾರಿಗೆ ಹೇಳುವುದು?" ಎಂದರು. ನಾನು ಟಿಕೆಟಿನ ಚೂರನ್ನು ಮಡಿಸುತ್ತಾ ಕುಳಿತೆ. ಮನೆಯಲ್ಲಿ ಅದನ್ನೇ ಅಮ್ಮನಿಗೆ ಹೇಳಿದಾಗ ಅವರು ಕುಕ್ಕರು ಸುತ್ತುತ್ತಿದ್ದ ಹಳೆಯ ಸೀರೆಯನ್ನು ಬಿಡದೆ, "ನನಗೆ ಹೇಳಿ. ಈಗ ನನಗೆ ಅರ್ಥ ಆಗ್ತದೆ" ಎಂದರು. ಹಿಂದೆ ಅರ್ಥವಾಗದೆ ನಗುತ್ತಿದ್ದೆ ಎಂಬುದನ್ನು ಅವರು ಬಾಯಿಬಿಟ್ಟು ಒಪ್ಪಿಕೊಂಡದ್ದು ಅಂದೇ.

ಗುರುವಾರ ಬಿಲ್ ಪುಸ್ತಕಗಳು ಕೈಚೀಲದಲ್ಲಿ ಹೋದವು. ಫಿಲಿಪ್ಸ್ ರೇಡಿಯೋ ಒಂದು ಬೈರಾಸಿನಲ್ಲಿ ಸುತ್ತಿ ಅಮ್ಮನ ತೊಡೆಯ ಮೇಲೆ.

ಫೆಬ್ರವರಿಯಲ್ಲಿ ಒಂದು ರಾತ್ರಿ ಫೋನು ಮಾಡಿದೆ. ಹಗಲಿನಲ್ಲಿ ಮಂಗಳೂರು ಬಿಟ್ಟು ಬೇರೆ ಬಾರದಂತೆ. ರಾತ್ರಿ ಮಾತ್ರ ಮದರಾಸಿನ 720 ಹಿಡಿಯುತ್ತದೆಯಂತೆ. ಮಧ್ಯಮ ತರಂಗಗಳ ಗುಣವೇ ಅದು. ಹಗಲು ಬಿಸಿಲಿಗೆ ಮೇಲುಗಾಳಿಯಲ್ಲಿ ಉಂಟಾಗುವ ಒಂದು ಪದರ ಅವುಗಳನ್ನು ನುಂಗಿಬಿಡುತ್ತದೆ. ಇರುಳಾದ ಮೇಲೆ ಆ ಪದರ ಹೋಗಿ, ಅದಕ್ಕೂ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ದೂರಕ್ಕೆ ಬಂದು ಬೀಳುತ್ತವೆ. ಆದರೆ ಗೊರಗೊರ ಸದ್ದೇ ಹೆಚ್ಚು, ಅಪ್ಪಯ್ಯನ ಕಿವಿಗೆ ಅದರಲ್ಲಿ ಒಂದಕ್ಷರವೂ ತಿಳಿಯದು.

"ಹಾಗಾದರೆ ಏನು ಮಾಡುತ್ತೀರಿ?" ಎಂದು ಅಮ್ಮನನ್ನು ಕೇಳಿದೆ.

"ನಾನು ಕೇಳಿ ಇವರಿಗೆ ಕನ್ನಡದಲ್ಲಿ ಹೇಳುತ್ತೇನೆ" ಎಂದರು ಅಮ್ಮ. "ಸ್ವಲ್ಪ ತಡಿ, ಈಗ ಎಂತದೋ ಹೇಳ್ತಿದ್ದಾರೆ."

ಫೋನನ್ನು ಹಾಗೆಯೇ ಇಟ್ಟು ಹೋದರು. ಗೊರಗೊರ ಸದ್ದೂ, ಅದರ ನಡುವೆ ಎರಡು ತಮಿಳು ಮಾತೂ, ಅಮ್ಮ ಎಡಗಿವಿಗೆ ಕೂಗುವುದೂ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಅಪ್ಪಯ್ಯನ ದನಿ:

"ಅದಕ್ಕೆ ಎಂತ?"